ಎಮಿಲ್ ಫಿಷರ್

ನಾವು ಉಣ್ಣುವ ಅನ್ನದಲ್ಲಿ ಹೆಚ್ಚಾಗಿರುವುದು ಪಿಷ್ಟ. ಬೇಳೆಯಲ್ಲಿ ಹೇರಳವಾಗಿರುವುದು ಪ್ರೋಟೀನು. ನಮ್ಮ ಶರೀರವೂ ಇಂತಹ ಸಂಯುಕ್ತಗಳಿಂದಲೇ ಆದುದು. ಇವುಗಳ ಒಳರಚನೆಯನ್ನು ಬಿಡಿಸಿ ತೋರಿಸಲು ತನ್ನ ಆರೋಗ್ಯವನ್ನೇ ತೆತ್ತವನು ಜರ್ಮನಿಯ ರಸಾಯನವಿಜ್ಞಾನಿ ಎಮಿಲ್ ಫಿಷರ್.

ಫಿಷರನು 1852ರ ಅಕ್ಟೋಬರ್ 9ರಂದು ಕೊಲೋನ್ ನಗರಕ್ಕೆ ಸಮೀಪದ ಆಯ್ಸ್‌ಕಿರ್ಖೆನ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಮರದ ವ್ಯಾಪಾರಿ. ಇದ್ದೊಬ್ಬ ಮಗನು ತನ್ನ ವ್ಯಾಪಾರವನ್ನು ನಡೆಸಿಕೊಂಡು ಹೋಗಲೆಂಬುದು ಆತನ ಹಂಬಲ. ಮಗನು ಕೆಲಕಾಲ ಆ ವೃತ್ತಿಗೆ ಇಳಿದನಾದರೂ ಅವನ ಮನಸ್ಸು ಅದರಲ್ಲಿ ನಿಲ್ಲಲಿಲ್ಲ. ಕೊನೆಗೆ ತಂದೆಯೇ ಸೋತು ಅವನನ್ನು ಓದಲು ಕಳುಹಿಸಿದನು. ಮರದ ವ್ಯಾಪಾರಕ್ಕೆ ಆದ ನಷ್ಟ ವಿಜ್ಞಾನಕ್ಕೆ ಲಾಭವಾಯಿತು!

1875ರಲ್ಲಿ ಫಿಷರನು ಫಿನೈಲ್‌ಹೈಡ್ರಜೀನ್ ಎಂಬ ಹೊಸ ವಸ್ತುವನ್ನು ಕಂಡುಹಿಡಿದನು. ಆ ಕಾಲದಲ್ಲಿ ಸಕ್ಕರೆಗಳ ಅಧ್ಯಯನವೆಂದರೆ ರಸಾಯನಜ್ಞರು ಹಿಂಜರಿಯುತ್ತಿದ್ದರು. ಪ್ರಯೋಗದಲ್ಲಿ ದೊರೆತ ಸಕ್ಕರೆಗಳು ಜೋನಿಬೆಲ್ಲದಂತೆ ಅಂಟಂಟಾಗಿ ಉಳಿಯುತ್ತಿದ್ದವೇ ಹೊರತು ಸುಲಭವಾಗಿ ಹರಳುಗಟ್ಟುತ್ತಿರಲಿಲ್ಲ. ಅವನ್ನು ಶುದ್ಧಗೊಳಿಸುವುದೆಂತು, ಗುರುತಿಸುವುದೆಂತು? ಸಕ್ಕರೆಯೊಡನೆ ಫಿನೈಲ್‌ಹೈಡ್ರಜೀನನ್ನು ಸೇರಿಸಿ ಕಾಯಿಸಿದರೆ ಹಳದಿಯ ಹರಳುಗಳು ದೊರೆಯುತ್ತವೆಂಬುದನ್ನು ಫಿಷರನು 1884ರಲ್ಲಿ ಕಂಡನು. ಬೀಗಕ್ಕೆ ಕೀಲಿಕೈ ಸಿಕ್ಕಿತು. ಗ್ಲೂಕೋಸಿನಲ್ಲಿರುವ ಪರಮಾಣುಗಳನ್ನು ಅದೇ ಸರಪಳಿಯಲ್ಲಿ 16 ಬಗೆಯಾಗಿ ಜೋಡಿಸಲು ಸಾಧ್ಯ. ಅವುಗಳಲ್ಲಿ ಗ್ಲೂಕೋಸು ಯಾವುದೆಂಬುದನ್ನು ಅವನು 1891ರಲ್ಲಿ ತರ್ಕಬದ್ಧವಾಗಿ ತೋರಿಸಿದನು. ಪರಮಾಣುವನ್ನು ಕಣ್ಣಾರೆ ಕಾಣುವ ಸಾಧನವೊಂದೂ ಇಲ್ಲದ ದಿನಗಳಲ್ಲಿ ಇದು ಬುದ್ಧಿಯ ಬಲದಿಂದಲೇ ಗೆದ್ದ ಗೆಲುವು.

ಆದರೆ ಆ ಕೀಲಿಕೈ ವಿಷಮಯವಾಗಿತ್ತು. ವರ್ಷಗಟ್ಟಲೆ ಅದರೊಡನೆ ದುಡಿದ ಫಿಷರನ ದೇಹವು ಜರ್ಝರಿತವಾಯಿತು. ಮದುವೆಯಾದ ಏಳೇ ವರ್ಷಗಳಲ್ಲಿ, 1895ರಲ್ಲಿ, ಮೂವರು ಎಳೆಯ ಗಂಡುಮಕ್ಕಳನ್ನು ಬಿಟ್ಟು ಪತ್ನಿ ತೀರಿಕೊಂಡಳು. ಅವನ ಕೆಲಸ ಮಾತ್ರ ನಿಲ್ಲಲಿಲ್ಲ.

ಕಾಫಿಯಲ್ಲಿರುವ ಕೆಫೀನು, ಮೂತ್ರದಲ್ಲಿರುವ ಯೂರಿಕ್ ಆಮ್ಲ ಇವೆರಡೂ ಒಂದೇ ಕುಲದವೆಂದು ತೋರಿಸಿ, ಆ ಕುಲಕ್ಕೆ ಅವನು ಪ್ಯೂರೀನ್ ಎಂದು ಹೆಸರಿಟ್ಟನು. ಡಿ.ಎನ್.ಎ.ಯಲ್ಲಿರುವ ಅಡೆನೀನ್, ಗ್ವಾನೀನ್‌ಗಳೂ ಇದೇ ಕುಲದವು. ಸಕ್ಕರೆ ಮತ್ತು ಪ್ಯೂರೀನುಗಳ ಸಂಶ್ಲೇಷಣೆಗಾಗಿ 1902ರ ನೊಬೆಲ್ ಪಾರಿತೋಷಕ ಅವನಿಗೆ ಸಂದಿತು. ಮುಂದೆ ಪ್ರೋಟೀನಿನತ್ತ ತಿರುಗಿ, ಅಮೈನೊ ಆಮ್ಲಗಳನ್ನು ಹೂ ಪೋಣಿಸಿದಂತೆ ಒಂದೊಂದಾಗಿ ಬೆಸೆದು, 1907ರಲ್ಲಿ 18 ಕೊಂಡಿಗಳ ಸರಪಳಿಯನ್ನು ರಚಿಸಿದನು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇಬ್ಬರು ಮಕ್ಕಳು ಅಳಿದರು. ರೋಗವೂ ಶೋಕವೂ ಕೂಡಿ ಕುಗ್ಗಿಸಿದ ಫಿಷರನು 1919ರ ಜುಲೈ 15ರಂದು ಬರ್ಲಿನ್ನಿನಲ್ಲಿ ಕೊನೆಯುಸಿರೆಳೆದನು. ಉಳಿದ ಹಿರಿಯ ಮಗ ಹೆರ್ಮನ್, ತಂದೆಯ ಹಾದಿಯನ್ನೇ ಹಿಡಿದು ರಸಾಯನವಿಜ್ಞಾನಿಯಾದನು.