ಗುಂಡು ಯಾಕೆ ದಾರಿ ತಪ್ಪುತ್ತದೆ? ಬೆಂಜಮಿನ್ ರಾಬಿನ್ಸ್ ಹುಡುಕಿದ ಉತ್ತರ

ಸಿನಿಮಾಗಳಲ್ಲಿ ಕೋವಿಯಿಂದ ಹೊರಟ ಗುಂಡು ಗೆರೆ ಎಳೆದ ಹಾಗೆ ನೇರವಾಗಿ ಹೋಗುತ್ತದೆ. ಗುರಿ ತಪ್ಪಿದರೆ ಹೊಡೆದವನ ಕೈ ನಡುಗಿರಬೇಕು ಎಂದುಕೊಳ್ಳುತ್ತೇವೆ. ಆದರೆ ಮುನ್ನೂರು ವರ್ಷಗಳ ಹಿಂದಿನ ಕೋವಿಯನ್ನು ಅಲುಗಾಡದಂತೆ ಬಿಗಿದು ಕಟ್ಟಿ ಹಾರಿಸಿದರೂ ಒಂದು ಗುಂಡು ಎಡಕ್ಕೆ, ಇನ್ನೊಂದು ಬಲಕ್ಕೆ ಹೋಗುತ್ತಿತ್ತು. ತಪ್ಪು ಕೈಯದಲ್ಲ, ಗುಂಡಿಗೂ ನಳಿಗೆಗೂ ನಡುವಿನ ಸಂದಿಯದು ಎಂದು ತೋರಿಸಿಕೊಟ್ಟವರು ಇಂಗ್ಲೆಂಡಿನ ಗಣಿತಜ್ಞ ಬೆಂಜಮಿನ್ ರಾಬಿನ್ಸ್.

ರಾಬಿನ್ಸ್ ಹುಟ್ಟಿದ್ದು 1707ರಲ್ಲಿ, ಬಾತ್ ಪಟ್ಟಣದ ಒಂದು ಬಡ ಕ್ವೇಕರ್ ಕುಟುಂಬದಲ್ಲಿ. ಕ್ವೇಕರರು ಯುದ್ಧವನ್ನೇ ಒಪ್ಪದ ಕ್ರೈಸ್ತ ಪಂಥದವರು. ಗಣಿತದಲ್ಲಿ ಚುರುಕಾಗಿದ್ದ ಹುಡುಗ ಲಂಡನ್ನಿಗೆ ಬಂದು, ಮನೆಪಾಠ ಹೇಳಿ ಜೀವನ ಸಾಗಿಸಿದರು. 1727ರಲ್ಲಿ, ಇಪ್ಪತ್ತರ ವಯಸ್ಸಿಗೇ, ರಾಯಲ್ ಸೊಸೈಟಿಯ ಸದಸ್ಯರಾದರು. ಲಂಡನ್ನಿನಲ್ಲಿ ಕ್ವೇಕರರ ಸರಳ ಉಡುಪನ್ನು ಬಿಟ್ಟರು. ಮುಂದೆ ಅವರ ಗಮನ ಹರಿದದ್ದು ಕೋವಿ, ಫಿರಂಗಿ, ಕೋಟೆಗಳ ಕಡೆಗೆ.

ಆಗ ಗುಂಡಿನ ವೇಗವನ್ನು ಅಳೆಯುವ ಒಳ್ಳೆಯ ಉಪಾಯ ಯಾರ ಬಳಿಯೂ ಇರಲಿಲ್ಲ. ರಾಬಿನ್ಸ್ ಭಾರವಾದ ಮರದ ಹಲಗೆಯೊಂದನ್ನು ಲೋಲಕದಂತೆ ತೂಗುಹಾಕಿದರು. ಗುಂಡು ಬಡಿದಾಗ ಹಲಗೆ ಎಷ್ಟು ಹಿಂದಕ್ಕೆ ತೂಗುತ್ತದೆ ಎಂಬುದನ್ನು ಅದಕ್ಕೆ ಕಟ್ಟಿದ ಪಟ್ಟಿಯಿಂದ ಅಳೆದರು. ಹಲಗೆಯ ತೂಕ, ಗುಂಡಿನ ತೂಕ ಗೊತ್ತಿದ್ದರೆ ಗುಂಡಿನ ವೇಗವನ್ನು ಲೆಕ್ಕ ಹಾಕಬಹುದು. ಸಿಕ್ಕ ಉತ್ತರ ಸೆಕೆಂಡಿಗೆ ಸುಮಾರು 500 ಮೀಟರ್. ಗಾಳಿಯೇ ಇಲ್ಲದಿದ್ದರೆ ಆ ವೇಗದ ಗುಂಡು 25 ಕಿಲೋಮೀಟರ್ ದೂರ ಹೋಗಬೇಕಿತ್ತು. ನಿಜದಲ್ಲಿ ಅದು ಹೋಗುತ್ತಿದ್ದದ್ದು ಅದರ ಸಣ್ಣದೊಂದು ಪಾಲು ಮಾತ್ರ. ಲೆಕ್ಕದಲ್ಲಿ ಗಾಳಿಯನ್ನು ಕಡೆಗಣಿಸುತ್ತಿದ್ದವರಿಗೆ ಇದು ದೊಡ್ಡ ಪೆಟ್ಟು. 1742ರಲ್ಲಿ ಅವರು ಇದನ್ನೆಲ್ಲ ಪುಸ್ತಕವಾಗಿ ಪ್ರಕಟಿಸಿದರು. ಮಹಾ ಗಣಿತಜ್ಞ ಆಯ್ಲರ್ 1745ರಲ್ಲಿ ಅದನ್ನು ಜರ್ಮನ್ ಭಾಷೆಗೆ ತಂದು, ತಮ್ಮ ಉದ್ದನೆಯ ಟಿಪ್ಪಣಿಗಳನ್ನೂ ಸೇರಿಸಿದರು.

ಈಗ ಸಂದಿಯ ವಿಷಯಕ್ಕೆ ಬರೋಣ. ಆ ಕಾಲದ ಕೋವಿಗೆ ಮದ್ದು, ಗುಂಡು ಎರಡನ್ನೂ ಬಾಯಿಯಿಂದಲೇ ತುಂಬಬೇಕಿತ್ತು. ಸೀಸ ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವುದರಿಂದ, ಒಲೆಯ ಮೇಲೆ ಕರಗಿಸಿ ಅಚ್ಚಿಗೆ ಹೊಯ್ದು ಮನೆಯಲ್ಲೇ ಗುಂಡು ಮಾಡಿಕೊಳ್ಳಬಹುದಿತ್ತು. ಹಾರಿಸಿದಂತೆಲ್ಲ ನಳಿಗೆಯೊಳಗೆ ಮದ್ದಿನ ಮಸಿ ಕಟ್ಟುತ್ತದೆ. ಆಗಲೂ ಗುಂಡು ಸಲೀಸಾಗಿ ಇಳಿಯಲೆಂದು ಅದನ್ನು ನಳಿಗೆಗಿಂತ ಚಿಕ್ಕದಾಗಿ ಮಾಡುತ್ತಿದ್ದರು. ಇಂಥ ಸಡಿಲ ಗುಂಡು ಹೊರಡುವಾಗ ನಳಿಗೆಯ ಗೋಡೆಗೆ ಉಜ್ಜಿ ಗಿರಗಿರನೆ ತಿರುಗತೊಡಗುತ್ತದೆ. ಯಾವ ಕಡೆ ಉಜ್ಜುತ್ತದೆ ಎಂಬುದು ಪ್ರತಿಸಲವೂ ಬೇರೆ. ತಿರುಗುವ ಗುಂಡನ್ನು ಗಾಳಿ ಪಕ್ಕಕ್ಕೆ ತಳ್ಳುತ್ತದೆ ಎಂದರು ರಾಬಿನ್ಸ್.

ಇದಕ್ಕೆ ಅವರು ಮಾಡಿ ತೋರಿಸಿದ ಪ್ರಯೋಗ ಸೊಗಸಾಗಿದೆ. ಕೋವಿಯ ತುದಿಯನ್ನು ತುಸು ಎಡಕ್ಕೆ ಬಗ್ಗಿಸಿ, ದಾರಿಯುದ್ದಕ್ಕೂ ತೆಳುವಾದ ಕಾಗದದ ಪರದೆಗಳನ್ನು ನಿಲ್ಲಿಸಿದರು. ಬಾಗಿದ ನಳಿಗೆಯಲ್ಲಿ ಗುಂಡು ಬಲಗೋಡೆಗೆ ಉಜ್ಜಲೇಬೇಕು. ಹಾಗಾಗಿ ಅದು ಯಾವ ಕಡೆಗೆ ತಿರುಗುತ್ತದೆ ಎಂಬುದು ಮೊದಲೇ ಗೊತ್ತು. ಕಾಗದದ ತೂತುಗಳನ್ನು ನೋಡಿದರೆ, ಗುಂಡು ಮೊದಲು ಎಡಕ್ಕೆ ಹೋಗಿ, ಆಮೇಲೆ ಗಾಳಿಯಲ್ಲೇ ಬಲಕ್ಕೆ ಬಾಗಿತ್ತು! ಆಯ್ಲರ್ ಮಾತ್ರ ಇದನ್ನು ಒಪ್ಪದೆ, ಗುಂಡಿನ ಆಕಾರದಲ್ಲೇ ದೋಷವಿರಬೇಕು ಎಂದರು. ಆದರೆ ರಾಬಿನ್ಸ್ ಅವರೇ ಸರಿ. ರಾಯಲ್ ಸೊಸೈಟಿ 1746ರಲ್ಲಿ ಅವರಿಗೆ ಕಾಪ್ಲಿ ಪದಕ ನೀಡಿತು.

ಹಾಗಾದರೆ ಪರಿಹಾರ? ತಿರುಗುವುದನ್ನು ತಪ್ಪಿಸಲಾಗದಿದ್ದರೆ ನಮಗೆ ಬೇಕಾದಂತೆ ತಿರುಗಿಸಬೇಕು. ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾಕಾರದ ಗೀರುಗಳಿರುತ್ತವೆ. ಅವು ಗುಂಡನ್ನು ತಿರುಪು ಮೊಳೆಯಂತೆ, ಹೋಗುವ ದಾರಿಯನ್ನೇ ಅಚ್ಚಾಗಿಸಿ ತಿರುಗಿಸುತ್ತವೆ. ಆಗ ಗಾಳಿಗೆ ಅದನ್ನು ಯಾವ ಒಂದು ಪಕ್ಕಕ್ಕೂ ತಳ್ಳಲು ಕಾರಣವಿರುವುದಿಲ್ಲ. ಯುರೋಪಿನ ಬೇಟೆಗಾರರು ರೈಫಲ್ಲನ್ನು ಬಹಳ ಹಿಂದಿನಿಂದಲೇ ಬಳಸುತ್ತಿದ್ದರು. ಅದು ಯಾಕೆ ಕೆಲಸ ಮಾಡುತ್ತದೆ ಎಂದು ವಿವರಿಸಿದ್ದು ರಾಬಿನ್ಸ್. ಗುಂಡು ಮೊಟ್ಟೆಯ ಆಕಾರದಲ್ಲಿದ್ದರೆ ಮೇಲು ಎಂದರು. ಇದನ್ನು ಮೊದಲು ಚೆನ್ನಾಗಿ ಅರಿತು ಅಳವಡಿಸಿಕೊಳ್ಳುವ ದೇಶದ ಸೈನ್ಯ ಉಳಿದವರನ್ನು ಮೀರಿಸುತ್ತದೆ ಎಂದೂ ಎಚ್ಚರಿಸಿದರು.

ಅದು ನಿಜವಾಗಲು ಸುಮಾರು ನೂರು ವರ್ಷ ಬೇಕಾಯಿತು. ಕಾರಣ ಮತ್ತದೇ ಸಂದಿ. ಗೀರುಗಳು ಗುಂಡನ್ನು ತಿರುಗಿಸಬೇಕಾದರೆ ಗುಂಡು ಅವುಗಳಿಗೆ ಕಚ್ಚಿಕೊಂಡಿರಬೇಕು. ಅಷ್ಟು ಬಿಗಿಯಾದ ಗುಂಡನ್ನು ಒಳಗೆ ಇಳಿಸಲು ಗೂಟ ಬಡಿದಂತೆ ಬಡಿಯಬೇಕು, ಇಲ್ಲವೇ ಎಣ್ಣೆ ಸವರಿದ ಬಟ್ಟೆಯಲ್ಲೋ ತೊಗಲಿನಲ್ಲೋ ಸುತ್ತಿ ದೂಡಬೇಕು. ಬೇಟೆಗಾರನಿಗೆ ಅಷ್ಟು ಪುರಸೊತ್ತಿತ್ತು, ರಣರಂಗದ ಸಿಪಾಯಿಗೆ ಇರಲಿಲ್ಲ. 1849ರಲ್ಲಿ ಫ್ರಾನ್ಸಿನ ಸೇನಾಧಿಕಾರಿ ಮಿನಿಯೆ ಬುಡದಲ್ಲಿ ಟೊಳ್ಳಿರುವ ಉದ್ದನೆಯ ಗುಂಡನ್ನು ಮಾಡಿದರು. ಅದು ಸಡಿಲವಾಗಿ ಒಳಗಿಳಿಯುತ್ತದೆ. ಮದ್ದು ಸಿಡಿದಾಗ ಬುಡ ಹಿಗ್ಗಿ ಗೀರುಗಳನ್ನು ಹಿಡಿದುಕೊಳ್ಳುತ್ತದೆ. ಇದೇ ಬಗೆಯ ಗುಂಡು ಬಳಸುವ ಎನ್‌ಫೀಲ್ಡ್ ರೈಫಲ್ ಬಳಿಕ ಭಾರತಕ್ಕೂ ಬಂತು. ಗುಂಡು ಜಾರಲಿ, ಮಸಿ ಕಟ್ಟದಿರಲಿ ಎಂದು ಅದರ ತೋಟಾಗಳಿಗೆ ಕೊಬ್ಬು ಸವರುತ್ತಿದ್ದರು. ಅದು ದನದ್ದು, ಹಂದಿಯದ್ದು ಎಂಬ ಸುದ್ದಿ 1857ರ ದಂಗೆಗೆ ಕಿಡಿಯಾದದ್ದು ನಮಗೆಲ್ಲ ಗೊತ್ತಿರುವ ಕಥೆ.

ರಾಬಿನ್ಸ್ ಇದನ್ನು ನೋಡಲಿಲ್ಲ. ಆದರೆ ಅವರ ಕಥೆಯೂ ಮುಗಿಯುವುದು ನಮ್ಮ ನೆಲದಲ್ಲೇ. ಈಸ್ಟ್ ಇಂಡಿಯಾ ಕಂಪನಿ ಕೋಟೆಗಳನ್ನು ಭದ್ರಪಡಿಸುವ ಕೆಲಸಕ್ಕೆ ಅವರನ್ನು ನೇಮಿಸಿತು. 1750ರಲ್ಲಿ ಅವರು ಈಗಿನ ತಮಿಳುನಾಡಿನ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಗೆ ಬಂದಿಳಿದರು. ಇಲ್ಲಿನ ಹವೆ ಒಗ್ಗಲಿಲ್ಲ, ಜ್ವರ ಬಿಡಲಿಲ್ಲ. 1751ರ ಜುಲೈ 29ರಂದು ಅಲ್ಲೇ ತೀರಿಕೊಂಡರು. ಆಗ ಅವರಿಗೆ ನಲವತ್ತನಾಲ್ಕು ವರ್ಷ.

ತಿರುಗುವ ಚೆಂಡು ಗಾಳಿಯಲ್ಲಿ ಬಾಗುವುದನ್ನು ಇಂದು ಮ್ಯಾಗ್ನಸ್ ಪರಿಣಾಮ ಎನ್ನುತ್ತೇವೆ. ಮ್ಯಾಗ್ನಸ್ ಅದನ್ನು ಪರೀಕ್ಷಿಸಿದ್ದು 1852ರಲ್ಲಿ, ಅಂದರೆ ರಾಬಿನ್ಸ್ ತೀರಿಹೋಗಿ ನೂರು ವರ್ಷವಾದ ಮೇಲೆ. ವೇಗದ ಬೌಲರಿನ ಸ್ವಿಂಗ್‌ಗೆ ಚೆಂಡಿನ ಹೊಲಿಗೆ ಮುಖ್ಯ ಕಾರಣ, ಅದು ಬೇರೆಯೇ ಲೆಕ್ಕ. ಆದರೆ ಸ್ಪಿನ್ ಬೌಲರ್ ಎಸೆದ ಚೆಂಡು ನೆಲ ಮುಟ್ಟುವ ಮೊದಲೇ ಪಕ್ಕಕ್ಕೆ ವಾಲಿದರೆ, ಅದು ರಾಬಿನ್ಸ್ ಕಾಗದದ ಪರದೆಗಳಲ್ಲಿ ಕಂಡ ಅದೇ ತಿರುವು.