ದೀಪಧಾರಿಣಿ ಕಲಿಸಿದ ಮನೆಯ ಆರೈಕೆ

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ಇರುಳಿನಲ್ಲಿ ದೀಪ ಹಿಡಿದು ಗಾಯಾಳು ಸೈನಿಕರ ಹಾಸಿಗೆಗಳ ನಡುವೆ ನಡೆದುಹೋಗುವ ಹೆಣ್ಣುಮಗಳ ಚಿತ್ರ ಕಣ್ಣೆದುರು ನಿಲ್ಲುತ್ತದೆ. ಅವರ ಜನ್ಮದಿನವಾದ ಮೇ 12 ಜಗತ್ತಿನಾದ್ಯಂತ ದಾದಿಯರ ದಿನವಾಗಿ ಆಚರಣೆಗೊಳ್ಳುತ್ತದೆ. ಆದರೆ 90 ವರ್ಷಗಳ ತುಂಬುಬಾಳಿನಲ್ಲಿ ಅವರು ಯುದ್ಧದ ಆಸ್ಪತ್ರೆಗಳಲ್ಲಿ ಕಳೆದದ್ದು ಎರಡು ವರ್ಷಕ್ಕೂ ಕಡಿಮೆ ಅವಧಿ. ಬದುಕಿನ ಬಹುಭಾಗವನ್ನು ಅವರು ತಮ್ಮ ಮನೆಯ ಕೋಣೆಯಲ್ಲಿ, ಸ್ವತಃ ರೋಗಿಯಾಗಿ ಕಳೆದರು. ಮನೆಯಲ್ಲಿರುವ ಅಶಕ್ತರನ್ನು ನೋಡಿಕೊಳ್ಳುವುದು ಹೇಗೆಂಬುದನ್ನು ಅವರಷ್ಟು ನಿಖರವಾಗಿ ಬರೆದಿಟ್ಟವರು ವಿರಳ.

ಆ ವಿಚಾರ ನಮಗೆ ದೂರದ್ದಲ್ಲ. ಮೈಸೂರಿನಿಂದ ಹುಣಸೂರಿಗೆ ಸಾಗುವ ಹೆದ್ದಾರಿಯಲ್ಲಿರುವ ಇಲವಾಲ ಒಂದು ಕಾಲಕ್ಕೆ ಬ್ರಿಟಿಷ್ ರೆಸಿಡೆಂಟರ ಬಂಗಲೆಗೆ, 1957ರಲ್ಲಿ ವಿನೋಬಾ ಭಾವೆಯವರು ಪಾಲ್ಗೊಂಡ ಗ್ರಾಮದಾನ ಸಮ್ಮೇಳನಕ್ಕೆ ಹೆಸರಾಗಿದ್ದ ಹಳ್ಳಿ. ಇಂದು ಅದರ ಸುತ್ತಮುತ್ತ ಬಡಾವಣೆಗಳು ಎದ್ದಿವೆ. ನಗರದ ಅಂಚಿನ ಇಂತಹ ಬಡಾವಣೆಗಳಲ್ಲಿ, ಮಕ್ಕಳು ಹೊರಊರುಗಳಲ್ಲಿರುವಾಗ ವಯಸ್ಸಾದ ತಂದೆತಾಯಿ ಇಬ್ಬರೇ ಇರುವ ಮನೆಗಳಿಗೆ ಕೊರತೆಯಿಲ್ಲ. ಬಚ್ಚಲುಮನೆಯಲ್ಲಿ ಜಾರಿ ಬೀಳುವ ಭಯ, ರಾತ್ರಿ ಕರೆದರೆ ಯಾರಿಗೆ ಕೇಳಿಸೀತು ಎಂಬ ಚಿಂತೆ, ನೋಡಿಕೊಳ್ಳುವವರು ಅರ್ಧ ದಿನ ಹೊರಗೆ ಹೋದರೆ ಮುಂದೇನು ಎಂಬ ಪ್ರಶ್ನೆ ಅಲ್ಲಿಯೂ ಇವೆ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿಯೂ ಇವೆ. ನೈಟಿಂಗೇಲ್ ಅವರ ಜೀವನ ಈ ಪ್ರಶ್ನೆಗಳ ಸುತ್ತಲೇ ಸಾಗಿದೆ.

ಸಿರಿವಂತರ ಮನೆಯ ಮಗಳು

ನೈಟಿಂಗೇಲ್ ಹುಟ್ಟಿದ್ದು 1820ರಲ್ಲಿ, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಹುಟ್ಟಿದ ಊರಿನ ಹೆಸರೇ ಮಗುವಿನ ಹೆಸರಾಯಿತು. ತಂದೆ ವಿಲಿಯಂ ಇಂಗ್ಲೆಂಡಿನ ಭೂಮಾಲೀಕರು. ಮಗಳಿಗೆ ಗ್ರೀಕ್, ಲ್ಯಾಟಿನ್, ಚರಿತ್ರೆ, ತತ್ವಶಾಸ್ತ್ರಗಳನ್ನು ತಾವೇ ಕಲಿಸಿದರು. ಗಣಿತದ ಕಡೆಗೂ ಆಕೆಗೆ ವಿಶೇಷ ಒಲವಿತ್ತು. ಒಳ್ಳೆಯ ಮನೆತನಕ್ಕೆ ಮದುವೆ ಮಾಡಿಕೊಟ್ಟರೆ ಸಾಕು ಎಂಬುದು ತಾಯಿಯ ಆಸೆ. ಮಗಳ ಮನಸ್ಸಾದರೋ ರೋಗಿಗಳ ಸೇವೆಯತ್ತ ವಾಲಿತ್ತು.

ಸೇವೆಯ ಮೊದಲ ಪಾಠ ಸಿಕ್ಕಿದ್ದು ಮನೆಯಲ್ಲಿಯೇ. 1845ರಲ್ಲಿ ಕಾಯಿಲೆ ಬಿದ್ದ ಅಜ್ಜಿಯನ್ನು, ಆ ಬಳಿಕ ಮನೆಯ ಹಳೆಯ ದಾದಿಯನ್ನು ಆಕೆ ಹತ್ತಿರವಿದ್ದು ನೋಡಿಕೊಂಡರು. ಪ್ರೀತಿಯೊಂದಿದ್ದರೆ ಆರೈಕೆ ತಾನಾಗಿ ಬರುವುದಿಲ್ಲ, ಅದನ್ನು ಕಲಿಯಬೇಕು ಎಂಬುದು ಆಗಲೇ ಮನವರಿಕೆಯಾಯಿತು. ಅದೇ ವರ್ಷ ಸಮೀಪದ ಸಾಲ್ಸ್‌ಬರಿ ಆಸ್ಪತ್ರೆಯಲ್ಲಿ ತರಬೇತಿ ಪಡೆಯುವ ಇಚ್ಛೆಯನ್ನು ತಿಳಿಸಿದಾಗ ಮನೆಯವರು ಸಿಡಿಮಿಡಿಗೊಂಡರು. ದಾದಿಯ ಕೆಲಸವೆಂದರೆ ಕುಡುಕಿಯರ, ನಿರ್ಗತಿಕರ ಕೆಲಸವೆಂಬ ಭಾವನೆ ಆ ಕಾಲದ ಇಂಗ್ಲೆಂಡಿನಲ್ಲಿತ್ತು. ಆರು ವರ್ಷ ಕಾದ ನಂತರ, 1851ರಲ್ಲಿ, ಜರ್ಮನಿಯ ಕೈಸರ್ಸ್‌ವರ್ತ್ ಸೇವಾಸಂಸ್ಥೆಯಲ್ಲಿ ಸುಮಾರು ಮೂರು ತಿಂಗಳ ತರಬೇತಿ ದೊರೆಯಿತು.

ಕರೆಗಂಟೆಯ ಉಪಾಯ

1853ರಲ್ಲಿ ಲಂಡನ್ನಿನ ಅಪ್ಪರ್ ಹಾರ್ಲೆ ಬೀದಿಯಲ್ಲಿ ಕಾಯಿಲೆಯ ಮಹಿಳೆಯರಿಗಾಗಿ ಇದ್ದ ಸಣ್ಣ ಆರೈಕೆ ಮನೆಯ ಮೇಲ್ವಿಚಾರಣೆ ಅವರ ಪಾಲಿಗೆ ಬಂತು. ಸಂಬಳವಿಲ್ಲದ ಹುದ್ದೆ. ಕೆಲಸಕ್ಕೆ ಸೇರುವ ಮುನ್ನವೇ ಅವರು ಆಡಳಿತ ಮಂಡಳಿಯ ಮುಂದೆ ಕೆಲವು ಬೇಡಿಕೆಗಳನ್ನಿಟ್ಟರು. ಪ್ರತಿ ಮಹಡಿಗೂ ಕೊಳವೆಯಲ್ಲಿ ಬಿಸಿನೀರು ಬರಬೇಕು. ಕೆಳಗಿನ ಅಡುಗೆಮನೆಯಿಂದ ಊಟ ಮೇಲಕ್ಕೇರಲು ರಾಟೆಯ ವ್ಯವಸ್ಥೆ ಬೇಕು. ಪ್ರತಿ ರೋಗಿಯ ಕರೆಗಂಟೆ ದಾದಿಯ ಕೋಣೆಯ ಬಾಗಿಲ ಹೊರಗೇ ಮೊಳಗಬೇಕು; ಗಂಟೆ ಬಾರಿಸಿದೊಡನೆ ಅದಕ್ಕೆ ಜೋಡಿಸಿದ ಮುಚ್ಚಳ ತೆರೆದುಕೊಂಡು ಹಾಗೆಯೇ ನಿಲ್ಲಬೇಕು; ಯಾರು ಕರೆದರೆಂಬುದು ದಾದಿಗೆ ನೋಡಿದರೇ ತಿಳಿಯಬೇಕು.

ಈ ಬೇಡಿಕೆಗಳ ಹಿಂದೆ ಸರಳವಾದ ಲೆಕ್ಕಾಚಾರವಿತ್ತು. ದಾದಿಯು ದಿನವಿಡೀ ಮೆಟ್ಟಿಲು ಹತ್ತಿಳಿಯುತ್ತ ನೀರು, ಊಟ ಹೊರುತ್ತಿದ್ದರೆ ರೋಗಿಯ ಬಳಿ ಇರಲು ಆಕೆಗೆ ಸಮಯವೆಲ್ಲಿ? ಕಟ್ಟಡವೇ ಅರ್ಧ ಕೆಲಸ ಮಾಡಿದರೆ ಉಳಿದರ್ಧವನ್ನು ಮನುಷ್ಯರು ಚೆನ್ನಾಗಿ ಮಾಡಬಲ್ಲರು. ಇಂದು ವೃದ್ಧರ ಮಂಚದ ಪಕ್ಕದಲ್ಲಿ ಅಳವಡಿಸುವ ವಿದ್ಯುತ್ ಕರೆಗಂಟೆಯ ಹಿಂದೆಯೂ ಇದೇ ವಿಚಾರವಿದೆ.

ಸ್ಕುಟಾರಿಯ ಪಾಠ

ಮರುವರ್ಷ ಕ್ರಿಮಿಯಾ ಯುದ್ಧದ ಗಾಯಾಳುಗಳ ದುಃಸ್ಥಿತಿ ಬ್ರಿಟಿಷ್ ಪತ್ರಿಕೆಗಳಲ್ಲಿ ವರದಿಯಾಯಿತು. 38 ಮಂದಿ ದಾದಿಯರ ತಂಡದೊಂದಿಗೆ ನೈಟಿಂಗೇಲ್ 1854ರ ನವೆಂಬರ್ ಮೊದಲ ವಾರದಲ್ಲಿ ಟರ್ಕಿಯ ಸ್ಕುಟಾರಿ ತಲುಪಿದರು. ಸೇನೆಯ ಬ್ಯಾರಕ್ಕೇ ಆಸ್ಪತ್ರೆಯಾಗಿತ್ತು. ಕಟ್ಟಡದ ಅಡಿಯಲ್ಲಿ ಕಟ್ಟಿಕೊಂಡ ಚರಂಡಿಗಳು, ಒಳಗೆ ಗಾಳಿಯಾಡದ ಕೊಠಡಿಗಳು, ಹೇನು ತುಂಬಿದ ಹಾಸಿಗೆಗಳು. ಅವರು ಬಟ್ಟೆ ಒಗೆಯುವ ಏರ್ಪಾಡು ಮಾಡಿಸಿದರು, ರೋಗಿಗಳಿಗೆ ಬೇರೆಯೇ ಅಡುಗೆಮನೆ ತೆರೆದರು. ರಾತ್ರಿ ಸುತ್ತಿನಲ್ಲಿ ಅವರ ಕೈಯಲ್ಲಿದ್ದದ್ದು ಚಿತ್ರಗಳಲ್ಲಿ ಕಾಣುವ ಎಣ್ಣೆದೀಪವಲ್ಲ, ಮಡಿಕೆ ಮಡಿಕೆಯಾಗಿ ಮಡಚಬಹುದಾದ ಟರ್ಕಿಯ ಲಾಂದ್ರ.

ಇಷ್ಟಾದರೂ ಸಾವು ನಿಲ್ಲಲಿಲ್ಲ. 1855ರ ಫೆಬ್ರವರಿಯಲ್ಲಿ ಸಾವಿನ ಪ್ರಮಾಣ ನೂರಕ್ಕೆ 42ರಷ್ಟಿತ್ತು. ಮಾರ್ಚ್‌ನಲ್ಲಿ ಬಂದ ನೈರ್ಮಲ್ಯ ಆಯೋಗದವರು ಚರಂಡಿ ತೊಳೆಸಿ, ಗಾಳಿಗೆ ದಾರಿ ಮಾಡಿಸಿದರು. ಜೂನ್ ವೇಳೆಗೆ ಪ್ರಮಾಣ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು. ಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಅವರೊಂದಿಗೆ ಕುಳಿತು ಅಂಕಿಅಂಶಗಳನ್ನು ಜಾಲಾಡಿದಾಗ ಸತ್ಯದ ಪೂರ್ಣರೂಪ ಕಾಣಿಸಿತು. ಗುಂಡಿಗಿಂತ ರೋಗ, ಗಾಯಕ್ಕಿಂತ ಕಟ್ಟಡ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತ್ತು. ಹಗಲಿರುಳು ದುಡಿದ ತಮ್ಮ ಕಣ್ಣೆದುರೇ ಇದು ನಡೆಯಿತೆಂಬ ಅರಿವು ಅವರಿಗೆ ಸಹಿಸಲು ಸುಲಭವಾಗಿರಲಾರದು. ಅಂಕಿಅಂಶಗಳನ್ನು ಬಣ್ಣದ ವೃತ್ತಚಿತ್ರವಾಗಿ ಮೂಡಿಸಿ ಸರ್ಕಾರದ ಮುಂದಿಟ್ಟ ಅವರು 1858ರಲ್ಲಿ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘದ ಮೊದಲ ಮಹಿಳಾ ಸದಸ್ಯೆಯಾದರು.

ಹಾಸಿಗೆಯಿಂದ ಬಂದ ಪುಸ್ತಕ

ಯುದ್ಧಭೂಮಿಯಲ್ಲಿ ತಗುಲಿದ ಜ್ವರ ಅವರನ್ನು ಪೂರ್ತಿ ಬಿಡಲೇ ಇಲ್ಲ. 1857ರ ಆಗಸ್ಟ್‌ನಲ್ಲಿ ಕುಸಿದ ಆರೋಗ್ಯ ಹಲವು ದಶಕ ಅವರನ್ನು ಕೋಣೆಯಲ್ಲಿ ಕಟ್ಟಿಹಾಕಿತು. 1860ರ ದಶಕದ ಹೆಚ್ಚಿನ ಕಾಲ ನಡೆದಾಡುವ ಶಕ್ತಿಯೂ ಇರಲಿಲ್ಲ. ಅದು ಬ್ರುಸೆಲ್ಲೋಸಿಸ್ ಎಂಬ ಸೋಂಕು ಆಗಿದ್ದಿರಬಹುದೆಂದು ಇತ್ತೀಚಿನ ಸಂಶೋಧಕರು ಊಹಿಸಿದ್ದಾರೆ. ಈ ಸ್ಥಿತಿಯಲ್ಲಿ ಬರೆದ ‘ನೋಟ್ಸ್ ಆನ್ ನರ್ಸಿಂಗ್’ 1860ರ ಆರಂಭದಲ್ಲಿ ಮಾರಾಟಕ್ಕೆ ಬಂದಿತು. ಆಸ್ಪತ್ರೆಯ ದಾದಿಯರಿಗಿಂತ ಮಿಗಿಲಾಗಿ, ಮನೆಯಲ್ಲಿ ಮಗುವನ್ನೋ ಅಶಕ್ತರನ್ನೋ ನೋಡಿಕೊಳ್ಳುವ ಸಾಮಾನ್ಯ ಗೃಹಿಣಿಯರಿಗಾಗಿ ಅದನ್ನು ಬರೆದಿದ್ದರು. ಮರುವರ್ಷ ಶ್ರಮಿಕ ಕುಟುಂಬಗಳ ಕೈಗೆಟಕುವಂತೆ ಅಗ್ಗದ ಆವೃತ್ತಿಯೊಂದನ್ನು ಹೊರತಂದರು.

ಅದರ ತಿರುಳು ಇಂದಿಗೂ ಹಳತಾಗಿಲ್ಲ. ಶುದ್ಧ ಗಾಳಿ, ಶುದ್ಧ ನೀರು, ಸರಾಗ ಚರಂಡಿ, ಸ್ವಚ್ಛತೆ, ಬೆಳಕು - ಈ ಐದು ಇಲ್ಲದ ಮನೆ ಆರೋಗ್ಯಕರವಲ್ಲ. ರೋಗಿಯ ಮಂಚ ತಗ್ಗಾಗಿರಬೇಕು. ಎತ್ತರವಾದರೆ ತಾನಾಗಿ ಇಳಿಯಲು, ಏರಲು ಆಗದು. ಎರಡೂ ಬದಿಯಿಂದ ತಲುಪುವಂತೆ ಮಂಚವನ್ನು ಗೋಡೆಯಿಂದ ದೂರ ಹಾಕಬೇಕು. ಮಲಗಿದಲ್ಲಿಂದಲೇ ಕಿಟಕಿಯ ಹೊರಗಿನ ನೋಟ ಕಾಣಬೇಕು.

ಬೀಳುವುದರ ಬಗ್ಗೆ ಅವರ ಗಮನಿಕೆ ಬಹಳ ಸೂಕ್ಷ್ಮವಾದುದು. ನಿತ್ರಾಣವಾದ ವ್ಯಕ್ತಿ ನಿಂತಿರುವಾಗ, ನಡೆಯುವಾಗ ಮಾತನಾಡಿಸಲೇಬಾರದು ಎಂಬುದು ಅವರ ಕಟ್ಟುನಿಟ್ಟಿನ ನಿಯಮ. ಬಾಗಿಲ ಮರೆಯಿಂದ ಹಠಾತ್ತನೆ ಎದುರಾಗುವುದರಿಂದ, ಹಿಂದಿನಿಂದ ಕೂಗುವುದರಿಂದ ಅವರು ಬೆಚ್ಚಿ ಮೆಟ್ಟಿಲಿನಿಂದ ಉರುಳುತ್ತಾರೆ. ಕುಳಿತುಕೊಳ್ಳುವವರೆಗೆ ಬಿಟ್ಟುಬಿಟ್ಟರೆ ಇಂತಹ ಎಷ್ಟೋ ಅನಾಹುತಗಳು ತಪ್ಪುತ್ತವೆ. ಮಾತನಾಡುವಾಗ ಎದುರಿಗೆ ಕುಳಿತೇ ಮಾತನಾಡಬೇಕು; ರೋಗಿ ಕತ್ತು ತಿರುಗಿಸುವಂತಾಗಬಾರದು. ಬೆಂಕಿಯ ಬಳಿ ಅಗಲವಾದ ಲಂಗಗಳ ಅಪಾಯದ ಬಗ್ಗೆಯೂ ಅವರು ಎಚ್ಚರಿಸಿದರು. ಗ್ಯಾಸ್ ಒಲೆಯ ಮುಂದೆ ಸೀರೆಯ ಸೆರಗು ಜೋತಾಡುವ ನಮ್ಮ ಅಡುಗೆಮನೆಗಳಿಗೂ ಆ ಮಾತು ಸಲ್ಲುತ್ತದೆ.

ಊಟ ಸೇರುವುದಿಲ್ಲವೆಂದಾಗ ಬೈಯುವ ಮೊದಲು ನಾಲ್ಕು ಕಾರಣಗಳನ್ನು ಅವರು ಪರಿಶೀಲಿಸಹೇಳಿದರು: ಅಡುಗೆ ಕೆಟ್ಟಿದೆಯೇ, ಪದಾರ್ಥ ಒಗ್ಗದೇ, ಹೊತ್ತು ತಪ್ಪಿದೆಯೇ, ಇಲ್ಲವೇ ಹಸಿವೇ ಇಲ್ಲವೇ. ಮುಟ್ಟದ ತಟ್ಟೆಯನ್ನು ಮಂಚದ ಪಕ್ಕ ಗಂಟೆಗಟ್ಟಲೆ ಬಿಡುವುದು ಇದ್ದಬದ್ದ ರುಚಿಯನ್ನೂ ಕೆಡಿಸುತ್ತದೆ. ನಿದ್ದೆ ಚೆನ್ನಾಗಿ ಬಂತೇ ಎಂಬ ಪ್ರಶ್ನೆಯಿಂದ ಏನೂ ತಿಳಿಯದು. ಎಷ್ಟು ಗಂಟೆ ಮಲಗಿದರು, ಯಾವಾಗ ಎಚ್ಚರವಾಯಿತು ಎಂದು ಕೇಳಬೇಕು. ನೋಡಲು ಬಂದವರು ಬೇಗ ಗುಣವಾಗುತ್ತದೆಂದು ಬರಿಯ ಭರವಸೆ ಸುರಿಯುವುದು, ಕೋಣೆಯ ಮೂಲೆಯಲ್ಲಿ ನಿಂತು ಪಿಸುಗುಡುವುದು ಎರಡೂ ರೋಗಿಗೆ ಹಿಂಸೆ.

ಇವೆಲ್ಲಕ್ಕೂ ಮೇಲಾದ ಇನ್ನೊಂದು ಸೂತ್ರವಿದೆ. ತಾನಿರುವಾಗ ಆಗುವ ಕೆಲಸ ತಾನಿಲ್ಲದಾಗಲೂ ಆಗುವಂತೆ ಏರ್ಪಾಡು ಮಾಡಿಡುವುದೇ ಆರೈಕೆಯ ಹೃದಯ. ಎಲ್ಲವನ್ನೂ ತಾನೊಬ್ಬಳೇ ಮಾಡುವವಳು ಒಂದು ದಿನ ಮಲಗಿದರೆ ಮನೆಯೇ ನಿಂತುಹೋಗುತ್ತದೆ. ಹೊರಗೆ ಹೋಗುವಾಗ ಎಷ್ಟು ಹೊತ್ತಿಗೆ ಬರುತ್ತೇನೆಂದು ರೋಗಿಗೆ ಮುಂಚೆಯೇ ತಿಳಿಸಬೇಕು. ಅಷ್ಟರಲ್ಲಿ ಯಾರು ಹೊಣೆ ಎಂಬುದೂ ಗೊತ್ತಿರಬೇಕು.

ಮನೆಬಾಗಿಲಿಗೆ ದಾದಿ, ಭಾರತದ ನಂಟು

1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ದಾದಿಯರ ಶಾಲೆ ಆರಂಭವಾಯಿತು. ಲಿವರ್‌ಪೂಲ್‌ನ ವ್ಯಾಪಾರಿ ವಿಲಿಯಂ ರಾತ್‌ಬೋನ್ ಬಡವರ ಮನೆಗಳಿಗೇ ತರಬೇತಾದ ದಾದಿಯರನ್ನು ಕಳುಹಿಸುವ ಯೋಜನೆಗೆ ಕೈಹಾಕಿದಾಗ ಬೆನ್ನೆಲುಬಾಗಿ ನಿಂತವರು ನೈಟಿಂಗೇಲ್. 1892ರಲ್ಲಿ ಬಕಿಂಗ್‌ಹ್ಯಾಮ್‌ಶೈರ್‌ನ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಆರೋಗ್ಯ ಹೇಳಿಕೊಡುವ ಮಹಿಳೆಯರ ತಂಡವನ್ನೂ ಅವರು ರೂಪಿಸಿದರು. ನಮ್ಮ ಆಶಾ ಕಾರ್ಯಕರ್ತೆಯರನ್ನು ಬಲ್ಲವರಿಗೆ ಈ ಕಲ್ಪನೆ ಹೊಸದೆನಿಸದು.

ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ದಂಡುಪ್ರದೇಶಗಳಿಂದ ವರದಿ ತರಿಸಿಕೊಂಡು, 1863ರ ಸೇನಾ ನೈರ್ಮಲ್ಯ ಆಯೋಗದ ವರದಿಗೆ ಆಧಾರ ಒದಗಿಸಿದರು. ಮದ್ರಾಸ್ ಪ್ರಾಂತ್ಯವನ್ನೂ ಮೈಸೂರು ಸಂಸ್ಥಾನವನ್ನೂ ಹಿಂಡಿದ 1876-78ರ ಧಾತು ಈಶ್ವರ ಬರದ ಕಾಲದಲ್ಲಿ ನೀರಾವರಿಗಾಗಿ ಲೇಖನಿ ಹಿಡಿದರು. 1888ರಲ್ಲಿ ಸೇನಾ ಆಸ್ಪತ್ರೆಗಳಿಗೆಂದು ಇಂಗ್ಲೆಂಡಿನಿಂದ ಬಂದ ತರಬೇತಾದ ದಾದಿಯರ ಮೊದಲ ತಂಡದ ಒಂದು ಪಾಲು ರಾವಲ್ಪಿಂಡಿಗೆ ಹೋದರೆ ಇನ್ನೊಂದು ಪಾಲು ಬೆಂಗಳೂರಿಗೆ ಬಂದಿತು.

ಎಲ್ಲದರಲ್ಲೂ ಅವರೇ ಸರಿಯಾಗಿದ್ದರೆಂದಲ್ಲ. ರೋಗಾಣು ಸಿದ್ಧಾಂತವನ್ನು ಒಪ್ಪಿಕೊಳ್ಳಲು ಬಹಳ ಕಾಲ ಹಿಂಜರಿದರು. ದಾದಿಯರ ಸರ್ಕಾರಿ ನೋಂದಣಿಯನ್ನು ವಿರೋಧಿಸಿದರು. ಕಾಲ ಈ ಎರಡನ್ನೂ ತಿದ್ದಿತು.

ಸೇವೆ ಪಡೆಯುವ ಸರದಿ

1874ರಲ್ಲಿ ತಂದೆ ತೀರಿಕೊಂಡರು. ದೃಷ್ಟಿ ಕಳೆದುಕೊಂಡು, ನೆನಪು ಮಾಸಿದ ತಾಯಿಯ ಹೊಣೆ ಸ್ವತಃ ರೋಗಿಯಾಗಿದ್ದ ಮಗಳ ಮೇಲೆ ಬಿತ್ತು. ಹಿಂದೆ ದಾದಿಯಾಗಲು ಬಿಡದಿದ್ದ ಅದೇ ತಾಯಿ. 1880ರಲ್ಲಿ ಆಕೆ ಕಣ್ಮುಚ್ಚುವವರೆಗೆ ನೈಟಿಂಗೇಲ್ ಬರವಣಿಗೆಯ ನಡುವೆಯೂ ಆ ಹೊರೆಯನ್ನು ಹೊತ್ತರು. ಕೀಲುನೋವಿನಿಂದ ನರಳುತ್ತಿದ್ದ ಅಕ್ಕ ಪಾರ್ಥಿನೋಪ್ ಅವರಿಗೂ ಆಸರೆಯಾದರು.

ಬಳಿಕ ತಮ್ಮದೇ ಸರದಿ ಬಂತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಣ್ಣು ಕಾಣದಾಯಿತು. ನೆನಪು ಕುಂದಿತು. ಬದುಕಿಡೀ ತಮ್ಮ ಮನೆಯನ್ನು ತಾವೇ ಆಳಿದ ಅವರು ಮನೆಯಲ್ಲೊಬ್ಬ ದಾದಿಯನ್ನು ಒಪ್ಪಿಕೊಳ್ಳಬೇಕಾಯಿತು. ರಾತ್ರಿ ದಾದಿ ಹೊದಿಕೆ ಸರಿಮಾಡಿ ಪಕ್ಕದ ಕೋಣೆಗೆ ಹೋದರೆ, ಇವರು ಮೆಲ್ಲನೆ ಎದ್ದು ಹೋಗಿ ಆ ದಾದಿಗೇ ಹೊದಿಕೆ ಹೊದಿಸಿ ಬರುತ್ತಿದ್ದರೆಂದು ಅವರ ಜೀವನಚರಿತ್ರೆ ತಿಳಿಸುತ್ತದೆ. 1907ರಲ್ಲಿ ‘ಆರ್ಡರ್ ಆಫ್ ಮೆರಿಟ್’ ಗೌರವ ಪಡೆದ ಮೊದಲ ಮಹಿಳೆಯಾದಾಗ ಅದರ ಮಹತ್ವ ಗ್ರಹಿಸುವ ಸ್ಥಿತಿಯಲ್ಲಿ ಅವರಿರಲಿಲ್ಲ. 1910ರ ಆಗಸ್ಟ್ 13ರಂದು ಲಂಡನ್ನಿನ ಸೌತ್ ಸ್ಟ್ರೀಟ್ ಮನೆಯಲ್ಲಿ ನಿಧನರಾದರು. ವೆಸ್ಟ್‌ಮಿನ್‌ಸ್ಟರ್ ಅಬೆಯ ಗೌರವವನ್ನು ಬಂಧುಗಳು ಒಲ್ಲೆನೆಂದರು. ಈಸ್ಟ್ ವೆಲ್ಲೋ ಗ್ರಾಮದ ಅವರ ಸಮಾಧಿಯ ಮೇಲೆ ಹೆಸರಿನ ಎರಡು ಅಕ್ಷರ, ಹುಟ್ಟು ಸಾವಿನ ದಿನಾಂಕಗಳಷ್ಟೇ ಇವೆ.

ಇಲವಾಲದ ಮನೆಯಲ್ಲಾಗಲಿ ಹುಬ್ಬಳ್ಳಿಯ ಮನೆಯಲ್ಲಾಗಲಿ, ವಯಸ್ಸಾದವರಿಗಾಗಿ ಮಾಡಬೇಕಾದ ಏರ್ಪಾಡಿಗೆ ದೊಡ್ಡ ಖರ್ಚೇನೂ ಇಲ್ಲ. ಬಚ್ಚಲಿನ ಗೋಡೆಗೊಂದು ಹಿಡಿಕೆ, ಜಾರದ ನೆಲಹಾಸು, ಮಂಚದಿಂದ ಶೌಚಾಲಯದವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪ, ಎದ್ದುಕಾಣುವಂತೆ ಬಣ್ಣ ಬಳಿದ ಹೊಸ್ತಿಲು, ಕೈಗೆಟಕುವ ಕರೆಗಂಟೆ, ಮನೆಯವರು ಇಲ್ಲದ ವೇಳೆಯಲ್ಲಿ ಓಡಿಬರಲು ಒಪ್ಪಿದ ನೆರೆಮನೆಯವರೊಬ್ಬರು. ಮಕ್ಕಳು ರಜೆಗೆ ಊರಿಗೆ ಬಂದಾಗ ಒಂದು ದಿನ ಮೀಸಲಿಟ್ಟರೆ ಇಷ್ಟನ್ನೂ ಮಾಡಿ ಮುಗಿಸಬಹುದು.