ನಗದೇ ನಗಿಸಿದ ಬೀಚಿ

ತಮಾಷೆ ಹೇಳುವವರಲ್ಲಿ ಕೆಲವರು ಮಾತಿಗೆ ಮೊದಲೇ ತಾವೇ ನಗಲು ಶುರು ಮಾಡುತ್ತಾರೆ. ಮಾತು ಮುಗಿಯುವಷ್ಟರಲ್ಲಿ ಕೇಳುವವರಿಗೆ ನಗಲು ಏನೂ ಉಳಿದಿರುವುದಿಲ್ಲ. ಇನ್ನು ಕೆಲವರು ಚಹಾದ ಕಪ್ಪು ಕೆಳಗಿಟ್ಟು, ಮಳೆಯ ಸುದ್ದಿ ಹೇಳಿದಷ್ಟು ಸಪ್ಪಗೆ ಒಂದು ಮಾತು ಹೇಳಿ ಸುಮ್ಮನಾಗುತ್ತಾರೆ. ನಾಲ್ಕು ಹೆಜ್ಜೆ ಹೋದ ಮೇಲೆ ನಮಗೆ ಅದು ಹೊಳೆದು ಹೊಟ್ಟೆ ಹಿಡಿದು ನಗುತ್ತೇವೆ. ಈ ಎರಡನೆಯ ರೀತಿಗೆ ಇಂಗ್ಲಿಷಿನಲ್ಲಿ ಡೆಡ್‌ಪ್ಯಾನ್ ಎನ್ನುತ್ತಾರೆ. ಪ್ಯಾನ್ ಎಂದರೆ ಅಮೆರಿಕದ ಆಡುಮಾತಿನಲ್ಲಿ ಮುಖ. ಮುಖದಲ್ಲಿ ಜೀವವಿಲ್ಲದಂತೆ ಇದ್ದು ನಗಿಸುವುದು ಎಂದರ್ಥ.

ಮೂಕಿ ಚಿತ್ರಗಳ ಬಸ್ಟರ್ ಕೀಟನ್ ಇದಕ್ಕೆ ಜಗತ್ಪ್ರಸಿದ್ಧ. ಬಾಲ್ಯದಲ್ಲಿ ತಂದೆ ತಾಯಿಯ ಜೊತೆ ರಂಗದ ಮೇಲೆ ಬಿದ್ದು ಎದ್ದು ಆಡುತ್ತಿದ್ದ ಆತ, ತಾನು ನಕ್ಕರೆ ಜನ ಕಡಿಮೆ ನಗುತ್ತಾರೆ, ಗಂಭೀರವಾಗಿದ್ದರೆ ಹೆಚ್ಚು ನಗುತ್ತಾರೆ ಎಂಬುದನ್ನು ಕಂಡುಕೊಂಡಿದ್ದ. ಆದರೆ ಇದೇ ಗುಟ್ಟನ್ನು ಮುಖದಲ್ಲಲ್ಲದೆ ಬರವಣಿಗೆಯಲ್ಲಿ ಸಾಧಿಸಿದವರೊಬ್ಬರು ನಮ್ಮ ಪಕ್ಕದಲ್ಲೇ ಹುಟ್ಟಿದ್ದರು. ಮುಂಡರಗಿ ದಾಟಿ ತುಂಗಭದ್ರೆಯ ಆಚೆ ದಂಡೆಗೆ ಹೋದರೆ ಹೂವಿನಹಡಗಲಿ, ಅದರಾಚೆ ಹರಪನಹಳ್ಳಿ. ಅಲ್ಲಿ 1913ರ ಏಪ್ರಿಲ್ 23ರಂದು ಹುಟ್ಟಿದ ರಾಯಸಂ ಭೀಮಸೇನರಾವ್ ಅವರನ್ನೇ ಕರ್ನಾಟಕ ಬೀಚಿ ಎಂದು ಕರೆಯಿತು.

ಹೆಸರಿನಿಂದಲೇ ತಮಾಷೆ ಶುರುವಾಗುತ್ತದೆ. ಅವರು ಸಹಿ ಮಾಡುವಾಗ ಮೊದಲ ಅಕ್ಷರವನ್ನು ಕನ್ನಡದಲ್ಲಿ, ಎರಡನೆಯದನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುತ್ತಿದ್ದರು. ಪುಸ್ತಕದ ಮುಖಪುಟದ ಮೇಲೂ ಹಾಗೆಯೇ. ನೋಡಿದವರು ಅಚ್ಚಿನ ತಪ್ಪೆಂದು ತಿಳಿದರೆ ತಿಳಿಯಲಿ!

ಆ ಬಾಲ್ಯದಲ್ಲಿ ನಗುವಂಥದ್ದು ಹೆಚ್ಚೇನೂ ಇರಲಿಲ್ಲ. ತಂದೆ ತಾಯಿ ಇಬ್ಬರನ್ನೂ ಎಳವೆಯಲ್ಲೇ ಕಳೆದುಕೊಂಡು, ಬಡತನದಲ್ಲಿ, ಬೇರೆಯವರ ಆಸರೆಯಲ್ಲಿ ಬೆಳೆದ ಹುಡುಗ ಅವರು. ಕಾಲೇಜಿನ ಓದು ಅವರ ಪಾಲಿಗೆ ಬರಲಿಲ್ಲ. ಪೊಲೀಸ್ ಇಲಾಖೆಯ ಕಚೇರಿಯಲ್ಲಿ ನೌಕರಿ ಹಿಡಿದರು. ಆಗ ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಕಚೇರಿಯ ಕಾಗದಪತ್ರವೆಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಓದುವಂಥದ್ದು ಏನಿದೆ ಎಂಬ ತಾತ್ಸಾರ ಆ ತರುಣನಿಗೂ ಇತ್ತು. ಅ.ನ. ಕೃಷ್ಣರಾಯರ ಸಂಧ್ಯಾರಾಗ ಕಾದಂಬರಿ ಕೈಗೆ ಸಿಕ್ಕಿದ್ದೇ ಆ ತಾತ್ಸಾರ ಕರಗಿತು. ಒಬ್ಬ ಸಂಗೀತಗಾರನ ಕಥೆ ಅದು. ಮುಂದೆ ಜೀವನಪರ್ಯಂತ ಅವರು ಅನಕೃ ಅವರನ್ನು ಗುರು ಎಂದೇ ನಂಬಿದರು. ಒಂದು ಪುಸ್ತಕ ಒಬ್ಬ ಲೇಖಕನನ್ನು ಹುಟ್ಟಿಸಿತು ಎಂದು ಭಾಷಣಗಳಲ್ಲಿ ಸುಮ್ಮನೆ ಹೇಳುವುದುಂಟು. ಇಲ್ಲಿ ಅದು ನಿಜವಾಗಿಯೂ ನಡೆಯಿತು.

ಪೊಲೀಸ್ ಕಚೇರಿಯ ನೌಕರಿ ಅವರ ಶೈಲಿಯನ್ನು ಹದಗೊಳಿಸಿತು ಎಂದು ನನಗೆ ಅನಿಸುತ್ತದೆ. ಕಳವು, ಜಗಳ, ಸಾವು, ಯಾವುದೇ ಇರಲಿ, ಕಡತದಲ್ಲಿ ಎಲ್ಲವನ್ನೂ ಒಂದೇ ಧಾಟಿಯಲ್ಲಿ ಬರೆಯಬೇಕು. ಅಳುವಂತಿಲ್ಲ, ನಗುವಂತಿಲ್ಲ. ಬೀಚಿಯವರ ವಾಕ್ಯಗಳೂ ಹೀಗೆಯೇ. ಚಿಕ್ಕವು, ನೇರವು. ಓದುಗನಿಗೆ ಕಣ್ಣು ಹೊಡೆದು ಇಲ್ಲಿ ನಗು ಎಂದು ಸೂಚನೆ ಕೊಡುವುದಿಲ್ಲ.

ಅವರು ಸೃಷ್ಟಿಸಿದ ತಿಂಮನನ್ನೇ ನೋಡಿ. ತಿಂಮ ಎಂದೂ ಜೋಕು ಹೇಳುವುದಿಲ್ಲ. ಅವನು ಪ್ರಾಮಾಣಿಕವಾಗಿ ಮಾತಾಡುತ್ತಾನೆ, ಕೇಳಿದ್ದಕ್ಕೆ ಸರಿಯಾಗಿಯೇ ಉತ್ತರಿಸುತ್ತಾನೆ. ಆ ಸರಿಯಾದ ಉತ್ತರದಲ್ಲಿ ಕೇಳಿದವರ ಬಂಡವಾಳ ಬಯಲಾಗುತ್ತದೆ. ಪೆದ್ದನೋ ಜಾಣನೋ ಕೊನೆಗೂ ಗೊತ್ತಾಗುವುದಿಲ್ಲ. ನಮ್ಮ ಮನೆಗಳಲ್ಲಿ ಹಿರಿಯರು ಹೇಳುವ ಮುಲ್ಲಾ ನಸ್ರುದ್ದೀನ್ ಕಥೆಗಳನ್ನು ಕೇಳಿದವರಿಗೆ ತಿಂಮ ಹೊಸಬನೆನಿಸಲಾರ. ತಿಂಮನ ತಲೆ, ತಿಂಮ ರಸಾಯನ, ಅಂದನಾ ತಿಂಮ ಎಂದು ಪುಸ್ತಕದಿಂದ ಪುಸ್ತಕಕ್ಕೆ ಅವನು ಬೆಳೆದ. ಇವುಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ತಿಂಮಿಕ್ಷನರಿ. ನಿಘಂಟು ಎಂದಾದರೂ ನಕ್ಕದ್ದುಂಟೆ? ಪದ, ಅದರ ಮುಂದೆ ಅರ್ಥ, ಅಷ್ಟೇ. ಬೀಚಿ ಅದೇ ಗಂಭೀರ ಅಂಗಿಯನ್ನು ತೊಟ್ಟು, ನಾವು ದಿನವೂ ಬಳಸುವ ಪದಗಳಿಗೆ ನಮ್ಮ ನಡತೆಗೆ ತಕ್ಕ ಅರ್ಥ ಬರೆದರು. ಡೆಡ್‌ಪ್ಯಾನ್ ಅನ್ನು ಅಚ್ಚಿನಲ್ಲಿ ನೋಡಬೇಕೆನ್ನುವವರು ಈ ಪುಸ್ತಕವನ್ನು ತೆಗೆದು ನೋಡಬಹುದು.

ಹಾಸ್ಯ ಮಾತ್ರ ಬರೆದವರಲ್ಲ. ದಾಸಕೂಟ, ಖಾದಿ ಸೀರೆ, ಸರಸ್ವತಿ ಸಂಹಾರದಂಥ ಕಾದಂಬರಿಗಳಿವೆ, ನಾಟಕಗಳಿವೆ. ಸುಧಾ ವಾರಪತ್ರಿಕೆಯಲ್ಲಿ ಓದುಗರ ಪ್ರಶ್ನೆಗಳಿಗೆ ಅವರು ಕೊಡುತ್ತಿದ್ದ ಉತ್ತರಗಳು ಮನೆಮಾತಾಗಿದ್ದವು. ಅವರ ಚಾಟಿ ಬೀಸುತ್ತಿದ್ದುದು ಡಾಂಭಿಕರ ಮೇಲೆ, ಲಂಚದ ಮೇಲೆ, ದೇವರ ಹೆಸರಿನಲ್ಲಿ ನಡೆಯುವ ವ್ಯಾಪಾರದ ಮೇಲೆ. ತಮ್ಮ ಮೇಲೂ. ಈಗ ಮೊಬೈಲಿನಲ್ಲಿ ಹರಿದಾಡುವ ಎಷ್ಟೋ ತಮಾಷೆಗಳು ಒಬ್ಬರ ಬಣ್ಣವನ್ನು, ಉಗ್ಗನ್ನು, ಜಾತಿಯನ್ನು ಆಡಿಕೊಳ್ಳುತ್ತವೆ. ಕೊನೆಗೆ ಸುಮ್ಮನೆ ಹೇಳಿದೆ ಎಂದು ಗಂಭೀರ ಮುಖ ಮಾಡಿ ಜಾರಿಕೊಳ್ಳುತ್ತವೆ. ಅಲ್ಲಿ ಗಂಭೀರ ಮುಖ ಬಚ್ಚಿಟ್ಟುಕೊಳ್ಳುವ ಪರದೆ. ಬೀಚಿಯವರಿಗೆ ಅದು ತಮ್ಮ ನೋವನ್ನು ಕನಿಕರ ಬೇಡದೆ ಹೇಳುವ ದಾರಿಯಾಗಿತ್ತು.

ಅವರ ಆತ್ಮಕಥೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಬಯಾಗ್ರಫಿ ಎಂಬ ಇಂಗ್ಲಿಷ್ ಪದದ ಮೊದಲ ಅಕ್ಷರವನ್ನು ಸ್ವಲ್ಪ ಒತ್ತಿ ಹೇಳಿ, ನನ್ನ ಭಯಾಗ್ರಫಿ ಎಂದು ಹೆಸರಿಟ್ಟರು. ಒಂದು ಅಕ್ಷರಕ್ಕೆ ಪ್ರಾಣ ತುಂಬಿದ್ದೇ ತಡ, ಬದುಕಿನ ಕಥೆ ಭಯದ ಕಥೆಯಾಯಿತು. ಅನಾಥ ಹುಡುಗನೊಬ್ಬ ನಾಳೆಯ ಬಗ್ಗೆ ಪಟ್ಟ ಭಯವೆಲ್ಲ ಆ ಶೀರ್ಷಿಕೆಯಲ್ಲಿದೆ. ಆದರೂ ಓದಿದವರಿಗೆ ಮೊದಲು ಬರುವುದು ನಗು.

1980ರ ಡಿಸೆಂಬರ್ 7ರಂದು ಬೀಚಿ ತೀರಿಕೊಂಡರು. ಅಭಿನವ ಬೀಚಿ ಎಂದೇ ಹೆಸರಾದ ಗಂಗಾವತಿ ಪ್ರಾಣೇಶ್ ಅವರು ವೇದಿಕೆಯ ಮೇಲೆ ನಮ್ಮ ಉತ್ತರ ಕರ್ನಾಟಕದ ಮಾತಿನಲ್ಲಿ ಬೀಚಿಯವರ ಹಾಸ್ಯವನ್ನು ಊರೂರಿಗೆ ತಲುಪಿಸಿದ್ದಾರೆ. ಮುಂದಿನ ಸಲ ಅವರ ವಿಡಿಯೋ ನೋಡುವಾಗ ಮಾತಿನ ಜೊತೆ ಮುಖವನ್ನೂ ಗಮನಿಸಿ. ಸಭೆಯೆಲ್ಲ ನಗುತ್ತಿರುವಾಗ ಅವರು ಮುಂದಿನ ಮಾತಿಗೆ ಕಾಯುತ್ತಾ ನಿಂತಿರುತ್ತಾರೆ.